ಎಸ್ಟೋನಿಯಾದ ಸ್ಟ್ರೈಕರ್ ಮತ್ತು ನಮ್ಮ ಕ್ಲಬ್ಬಿನ ಬುದ್ಧಿವಂತರು

ಫುಟ್‌ಬಾಲಿಗಾದರೂ ಒಂದು ಸೀಸನ್ ಇದೆ, ನಮ್ಮ ಕ್ಲಬ್ಬಿನ ದಡ್ಡತನಕ್ಕೆ ಅದೂ ಇಲ್ಲ, ವರ್ಷವಿಡೀ ನಡೆಯುತ್ತದೆ. ದುಬೈಯ ಒಂದು ಸಣ್ಣ ಕ್ಲಬ್ಬಿನಲ್ಲಿ ಜೆರ್ಸಿ ಒಗೆಸಿ, ಬೂಟು ಒರೆಸಿ, ಚೆಂಡಿಗೆ ಗಾಳಿ ಹಾಕಿಸುವ ಕಿಟ್ ರೂಮಿನ ಉಸ್ತುವಾರಿ ನನ್ನದು. ಕುಂದಾಪುರ ಬಿಡುವಾಗ ಎರಡು ವರ್ಷ ಇದ್ದು ಬರುತ್ತೇನೆ ಎಂದಿದ್ದೆ, ಹದಿನೇಳಾಯಿತು. ಕಿಟ್ ರೂಮಿನವನನ್ನು ಯಾರೂ ಮನುಷ್ಯ ಎಂದು ಎಣಿಸುವುದಿಲ್ಲ. ಬಾಗಿಲ ಹಿಂದಿನ ಪೊರಕೆಯ ಎದುರು ಮಾತಾಡಿದಷ್ಟೇ ಧಾರಾಳವಾಗಿ ಅವನ ಎದುರು ಮಾತಾಡುತ್ತಾರೆ. ಹಾಗಾಗಿ ನಮ್ಮ ಎಸ್ಟೋನಿಯಾದ ಸ್ಟ್ರೈಕರನ ಕಥೆ ನನ್ನಷ್ಟು ಸರಿಯಾಗಿ ಯಾರಿಗೂ ಗೊತ್ತಿಲ್ಲ.

ಹಿಮದಲ್ಲಿ ಹೊಡೆದ ಗೋಲು

ಸ್ಟ್ರೈಕರ್ ಎಂದರೆ ಗೋಲು ಹೊಡೆಯುವುದಕ್ಕೆಂದೇ ಸಂಬಳ ತಿನ್ನುವ ಆಟಗಾರ. ನಮ್ಮಲ್ಲಿ ಎರಡು ವರ್ಷದಿಂದ ಸಂಬಳ ತಿನ್ನುವವರು ಇದ್ದರು, ಗೋಲು ಇರಲಿಲ್ಲ. ಆಗ ನಮ್ಮ ಡೈರೆಕ್ಟರಿಗೆ ಯಾರೋ ಏಜೆಂಟ್ ಒಂದು ವಿಡಿಯೊ ಕಳಿಸಿದ. ಡೈರೆಕ್ಟರ್ ಯಾವ ದೇಶದವನು ಎಂದು ನಾನು ಹೇಳುವುದಿಲ್ಲ. ಅಂಥವರು ಎಲ್ಲ ದೇಶದಲ್ಲೂ ಇದ್ದಾರೆ.

ವಿಡಿಯೊದಲ್ಲಿ ಆರಡಿ ಮೂರಿಂಚಿನ ಒಬ್ಬ ಹುಡುಗ ಹಿಮ ಬೀಳುವ ಮೈದಾನದಲ್ಲಿ ಕೈಗವಸು ಹಾಕಿಕೊಂಡು ಗೋಲಿನ ಮೇಲೆ ಗೋಲು ಹೊಡೆಯುತ್ತಿದ್ದ. ಆಟಗಾರರ ಬಾಯಿಂದ ಹೊಗೆ ಬರುತ್ತಿತ್ತು. ಇಷ್ಟು ಚಳಿಯಲ್ಲೇ ಹೀಗೆ ಓಡುವವನು ನಮ್ಮಲ್ಲಿ ಮೈ ಬೆಚ್ಚಗಾದರೆ ಇನ್ನೆಷ್ಟು ಓಡಿಯಾನು ಎಂದು ಡೈರೆಕ್ಟರ್ ಲೆಕ್ಕ ಹಾಕಿದ. ಸಭೆಯಲ್ಲಿದ್ದವರೆಲ್ಲ ತಲೆಯಾಡಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಅವರು.

ಕರೆಸಿದ್ದು ಆಗಸ್ಟ್ ತಿಂಗಳಲ್ಲಿ. ಸಂಜೆ ಆರಕ್ಕೂ ಗಾಳಿ ಒಲೆಯ ಬಾಯಿಂದ ಬಂದ ಹಾಗೆ ಬೀಸುವ ಕಾಲ. ಮೊದಲ ದಿನದ ಅಭ್ಯಾಸದಲ್ಲಿ ಅವನು ಹನ್ನೊಂದು ನಿಮಿಷ ಓಡಿದ. ಆಮೇಲೆ ಯಾರಿಗೂ ಏನೂ ಹೇಳದೆ ನೆಟ್ಟಗೆ ನನ್ನ ಕಿಟ್ ರೂಮಿಗೆ ಬಂದು, ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದು, ಅದರೊಳಗೆ ಕೂತ. ಕೂತವನು ನನಗೆ ಬಹಳ ಮರ್ಯಾದೆಯಿಂದ ನಮಸ್ಕಾರ ಹೇಳಿದ. ಡೈರೆಕ್ಟರ್ ಬಾಗಿಲಲ್ಲಿ ನಿಂತು ಒಂದು ಗಳಿಗೆ ಅವನನ್ನು ನೋಡಿದ. ಮತ್ತೆ ಆಫೀಸಿಗೆ ಹೋಗಿ, ವಿಡಿಯೊದಲ್ಲಿದ್ದವನು ಇವನೇ ಹೌದೋ ಎಂದು ಪಾಸ್‌ಪೋರ್ಟ್ ತರಿಸಿ ನೋಡಿದ.

ಹದಿನಾಲ್ಕು ಲೋಟ

ಮೊದಲ ಪಂದ್ಯದ ದಿನ ಮಧ್ಯಾಹ್ನ ಹೊಸ ಆಟಗಾರರನ್ನು ಕ್ಲಬ್ಬಿನ ಹಿರಿಯರ ಮಜ್ಲಿಸಿಗೆ, ಅಂದರೆ ಅವರ ಬೈಠಕ್ಕಿಗೆ, ಕರೆದುಕೊಂಡು ಹೋಗುವುದು ವಾಡಿಕೆ. ಕೊಡಬೇಕಾದ ಜೆರ್ಸಿ ಮಡಚಿ ಹಿಡಿದುಕೊಂಡು ನಾನೂ ಹೋಗಿದ್ದೆ. ಅಲ್ಲಿ ಏಲಕ್ಕಿ ಹಾಕಿದ ಅರಬ್ಬಿ ಕಾಫಿ ಕೊಡುತ್ತಾರೆ. ಲೋಟ ಹೆಬ್ಬೆರಳಷ್ಟು. ಕುಡಿದು ಮುಗಿಸಿದ ಕೂಡಲೇ ಕಾಫಿಯವ ಮತ್ತೆ ಹೊಯ್ಯುತ್ತಾನೆ. ಸಾಕು ಎನ್ನುವವನು ಲೋಟವನ್ನು ಎರಡು ಸಲ ಮೆಲ್ಲ ಅಲ್ಲಾಡಿಸಬೇಕು. ಗಲ್ಫಿಗೆ ಬಂದ ನೊಣಕ್ಕೂ ಇದು ಗೊತ್ತು, ಆದರೆ ನಮ್ಮವರು ಯಾರೂ ಸ್ಟ್ರೈಕರನಿಗೆ ಹೇಳಿರಲಿಲ್ಲ.

ಎದುರಿಗೆ ಹೊಯ್ದದ್ದನ್ನು ಬಿಡುವುದು ಅಮರ್ಯಾದೆ ಎಂದು ಇವನು ಕುಡಿದ. ಲೋಟ ಅಲ್ಲಾಡಲಿಲ್ಲ ಎಂದು ಅವನು ಹೊಯ್ದ. ಡೈರೆಕ್ಟರ್ ಕ್ಲಬ್ಬಿನ ಭವಿಷ್ಯದ ಬಗ್ಗೆ ಭಾಷಣ ಹೊಡೆಯುತ್ತಿದ್ದ, ಮಧ್ಯೆ ಬಾಯಿ ಹಾಕುವ ಧೈರ್ಯ ನನಗಿರಲಿಲ್ಲ. ನಾನು ಎಣಿಸಿದ್ದು ಹದಿನಾಲ್ಕು. ಮಂತ್ರಕ್ಕಿಂತ ಉಗುಳು ಜಾಸ್ತಿಯಾದ ಆ ಭಾಷಣ ಇನ್ನೂ ಎಳೆದಿದ್ದರೆ ಹುಡುಗ ಇಪ್ಪತ್ತು ಮುಟ್ಟುತ್ತಿದ್ದ.

ಆ ಸಂಜೆ ಅವನು ಗೂಳಿಯ ಹಾಗೆ ಓಡಿದ, ನಿಜ. ಆದರೆ ದ್ವಿತೀಯಾರ್ಧದಲ್ಲಿ ಅದೇ ವೇಗದಲ್ಲಿ ಮೈದಾನ ದಾಟಿ ಶೌಚಾಲಯಕ್ಕೂ ಓಡಿದ. ಅವನು ವಾಪಸು ಬರುವುದರೊಳಗೆ ನಾವು ಒಂದು ಗೋಲು ತಿಂದು ಸೋತೆವು. ಮರುದಿನ ಡೈರೆಕ್ಟರ್ ವಿಚಾರಣೆ ಮಾಡಿ, ಎಲ್ಲಕ್ಕೂ ಕಾಫಿಯೇ ಕಾರಣ ಎಂದು ಕಂಡುಹಿಡಿದು, ಮೈದಾನದೊಳಗೆ ಬಿಸಿ ಪಾನೀಯ ನಿಷೇಧ ಎಂದು ನೋಟಿಸ್ ಅಂಟಿಸಿದ. ಎರಡು ಸಲ ಲೋಟ ಅಲ್ಲಾಡಿಸಿದ್ದರೆ ಮುಗಿಯುವ ವಿಷಯಕ್ಕೆ ನನ್ನ ಕಿಟ್ ರೂಮಿನ ಚಹಾ ಕೆಟಲ್ ಜಪ್ತಿಯಾಯಿತು.

ಸಂತೋಷದ ತಜ್ಞ

ಅಕ್ಟೋಬರಿನಲ್ಲಿ ಬಿಸಿಲು ಇಳಿಯಿತು, ಹುಡುಗ ಗೋಲು ಹೊಡೆಯತೊಡಗಿದ. ಆದರೆ ಹೊಡೆದ ಮೇಲೆ ಕುಣಿಯುವುದಿಲ್ಲ, ಮೊಣಕಾಲ ಮೇಲೆ ಜಾರುವುದಿಲ್ಲ. ಬಸ್ಸಿನಿಂದ ಇಳಿದವನ ಹಾಗೆ ಸುಮ್ಮನೆ ಹಿಂದೆ ನಡೆದು ಬರುತ್ತಾನೆ. ಇವನಿಗೆ ಕ್ಲಬ್ಬಿನ ಮೇಲೆ ಪ್ರೀತಿಯಿಲ್ಲ ಎಂದು ಡೈರೆಕ್ಟರ್ ತೀರ್ಮಾನಿಸಿ ಒಂದು ಷರತ್ತು ಹಾಕಿದ: ಡಿಸೆಂಬರ್ ಮುಗಿಯುವುದರೊಳಗೆ ಒಟ್ಟು ಐದು ಗೋಲು, ಇಲ್ಲದಿದ್ದರೆ ಖಲಾಸ್, ಮನೆಗೆ. ಆ ವಾರವಷ್ಟೇ ಹುಡುಗನ ಹೆಂಡತಿ ಮಗಳು ಬಂದಿದ್ದರು. ಆರು ವರ್ಷದ ಮಗುವನ್ನು ಶಾಲೆಗೆ ಸೇರಿಸಿದ್ದ. ಸಮವಸ್ತ್ರ ಹಾಕಿದ ಆ ಮಗುವಿನ ಫೋಟೊ ಅವನು ನನಗೊಬ್ಬನಿಗೇ ತೋರಿಸಿದ್ದ.

ಷರತ್ತಿನ ಜೊತೆಗೆ ಔಷಧಿಯೂ ಬಂತು. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಿಂದ ಸಂತೋಷದ ತಜ್ಞನೊಬ್ಬನನ್ನು ಕರೆಸಿದರು. ಅವನು ಆಟಗಾರರನ್ನೆಲ್ಲ ಸುತ್ತ ನಿಲ್ಲಿಸಿ ಹತ್ತು ನಿಮಿಷ ನಗಿಸಿದ. ಕೊನೆಗೆ ಸ್ಟ್ರೈಕರನನ್ನು ಒಬ್ಬನನ್ನೇ ಕೂರಿಸಿ, ಜೀವನ ಹೇಗಿದೆ ಎಂದು ಕೇಳಿದ. ಹುಡುಗ ಬಹಳ ಹೊತ್ತು ಪ್ರಾಮಾಣಿಕವಾಗಿ ಯೋಚಿಸಿ, “ಸಾಧಾರಣ” ಎಂದ. ತಜ್ಞ ಆಳವಾದ ಖಿನ್ನತೆ ಎಂದು ನಾಲ್ಕು ಪುಟ ವರದಿ ಬರೆದ. ನಾನು ಆಮೇಲೆ ಹುಡುಗನನ್ನು ವಿಚಾರಿಸಿದೆ. ಅವರ ಊರಿನಲ್ಲಿ ಸಾಧಾರಣಕ್ಕಿಂತ ಮೇಲೆ ಹೇಳಿದರೆ ಜಂಬ ಎನ್ನುತ್ತಾರಂತೆ. ಅವನು ಮದುವೆಯ ದಿನವೂ ಅಷ್ಟೇ ಹೇಳಿದ್ದನಂತೆ.

ಒಂದೇ ಬುಟ್ಟಿ

ದಡ್ಡತನ ಡೈರೆಕ್ಟರನ ಗುತ್ತಿಗೆಯಲ್ಲ, ನಮ್ಮವರಲ್ಲೂ ಧಾರಾಳ ಇದೆ. ದುಬೈಯ ನೈಫ್ ಪೇಟೆಯಲ್ಲಿ ಅಂಗಡಿ ಇಟ್ಟಿರುವ ನಮ್ಮ ಕನ್ನಡ ಸಂಘದ ಅಧ್ಯಕ್ಷರು ಫೋನ್ ಮಾಡಿ, “ನಿಮ್ಮ ಯುರೋಪಿನ ಆಟಗಾರನನ್ನು ವಾರ್ಷಿಕೋತ್ಸವಕ್ಕೆ ಕರ್ಕೊಂಡು ಬನ್ನಿ ಮಾರಾಯ್ರೆ, ಒಂದು ಸನ್ಮಾನ ಮಾಡುವ” ಎಂದರು. ಎಸ್ಟೋನಿಯಾ ಎಲ್ಲಿದೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಲ್ ಕುಸೈಸಿನ ಶಾಲೆಯೊಂದರ ಸಭಾಂಗಣದಲ್ಲಿ ಆ ದಿನ ಇಪ್ಪತ್ತಮೂರು ಜನರಿಗೆ ಸನ್ಮಾನ. ಇವನದು ಇಪ್ಪತ್ತೆರಡನೆಯದು. ಇಪ್ಪತ್ತಮೂರನೆಯದು, ಸಂಘದ ಒತ್ತಾಯಕ್ಕೆ ಮಣಿದು, ಅಧ್ಯಕ್ಷರದೇ.

ಎಲ್ಲರಿಗೂ ಹಾರ, ಶಾಲು, ಪೇಟ, ಒಂದು ಹಣ್ಣಿನ ಬುಟ್ಟಿ. ಗುಟ್ಟೇನೆಂದರೆ ಬುಟ್ಟಿ ಒಂದೇ. ವೇದಿಕೆಯಲ್ಲಿ ಫೋಟೊ ಆದ ಮೇಲೆ ಪರದೆಯ ಹಿಂದೆ ನಿಂತ ಕಾರ್ಯದರ್ಶಿ ಅದನ್ನು ತೆಗೆದುಕೊಂಡು ಮುಂದಿನವರಿಗೆ ಕೊಡುತ್ತಾನೆ. ನಮ್ಮವರಿಗೆಲ್ಲ ಇದು ರೂಢಿ, ನಗುತ್ತಲೇ ಒಪ್ಪಿಸಿ ಹೋಗುತ್ತಾರೆ. ನಾಲ್ಕು ಗಂಟೆಯಿಂದ ಏಳರವರೆಗೆ ಒಂದಕ್ಷರ ತಿಳಿಯದ ಭಾಷಣ ಕೇಳಿದ ನಮ್ಮ ಹುಡುಗ ಪೇಟದ ಸಮೇತ ಪರದೆಯ ಹಿಂದೆ ಬಂದ. ಕಾರ್ಯದರ್ಶಿ ಕೈ ಚಾಚಿದ. ಹುಡುಗ ಆ ಕೈಯನ್ನು ಕುಲುಕಿದ. ಕಾರ್ಯದರ್ಶಿ ಬುಟ್ಟಿ ಹಿಡಿದು ಎಳೆದ. ಹುಡುಗ ಬಿಡಲಿಲ್ಲ.

“ಇದು ನನಗೆ ಕೊಟ್ಟದ್ದು,” ಎಂದು ಶಾಂತವಾಗಿ ಹೇಳಿ, ಕಾರಿನ ಕಡೆ ನಡೆದೇಬಿಟ್ಟ. ಆರಡಿ ಮೂರಿಂಚಿನವನ ಹಿಂದೆ ಓಡಲು ಸಂಘದಲ್ಲಿ ಯಾರೂ ಇರಲಿಲ್ಲ. ಇತ್ತ ವೇದಿಕೆಯಲ್ಲಿ ಅಧ್ಯಕ್ಷರು ಶಾಲು ಹೊದ್ದು, ಎರಡು ಕೈ ಮುಂದೆ ಚಾಚಿಕೊಂಡು, ಫೋಟೊಗ್ರಾಫರನ ಎದುರು ನಗುತ್ತಾ ನಿಂತೇ ಇದ್ದರು.

ಓದಿ ಹಾಕಿದ ಸಹಿ

ಡಿಸೆಂಬರಿನ ಕೊನೆಯ ಪಂದ್ಯದ ಹೊತ್ತಿಗೆ ಅವನದು ನಾಲ್ಕು ಗೋಲಾಗಿತ್ತು. ಇನ್ನೊಂದು ಬೇಕು. ಇವನ ಕೈಲಿ ಆಗುವುದಿಲ್ಲ ಎಂದು ಡೈರೆಕ್ಟರ್ ಮೊದಲೇ ನಿಶ್ಚಯಿಸಿದ್ದ. ಪಂದ್ಯ ಮುಗಿಯುವ ಹೊತ್ತಿಗೆ ಆಫೀಸುಗಳಿಗೆ ರಜೆ ಶುರು, ಕೆಲಸ ಬಾಕಿ ಉಳಿಯಬಾರದಲ್ಲ. ವೀಸಾ, ಕಾಗದಪತ್ರ ಓಡಾಡಿಸುವ ನಮ್ಮ ಪಿ.ಆರ್.ಓ. ಬೆಳಿಗ್ಗೆಯೇ ಅರಬ್ಬಿಯಲ್ಲಿ ಟೈಪಾದ ಕಾಗದ ಹಿಡಿದು ಕಿಟ್ ರೂಮಿನಲ್ಲಿದ್ದ ಹುಡುಗನ ಬಳಿಗೆ ಬಂದ. ಸುಮ್ಮನೆ ಫಾರ್ಮಾಲಿಟಿ, ಇಲ್ಲೊಂದು ಸಹಿ ಹಾಕು ಎಂದ. ಅದು ಮರುದಿನದಿಂದ ಕ್ಲಬ್ಬಿಗೂ ಇವನಿಗೂ ಸಂಬಂಧವಿಲ್ಲ ಎಂಬ ಬಿಡುಗಡೆ ಪತ್ರ ಎಂದು ನನಗೆ ಗೊತ್ತಾದದ್ದು ಸಂಜೆ.

ಗಲ್ಫಿನಲ್ಲಿ ನಾವು ಯಾರೂ ಅರಬ್ಬಿ ಕಾಗದ ಓದಿ ಸಹಿ ಹಾಕಿದವರಲ್ಲ. ಪಿ.ಆರ್.ಓ. ಬೆರಳಿಟ್ಟ ಕಡೆ ಹಾಕುತ್ತೇವೆ, ಅಷ್ಟೆ. ಹುಡುಗ ಮೊಬೈಲ್ ತೆಗೆದು, ಕಾಗದದ ಫೋಟೊ ಹಿಡಿದು, ತನ್ನ ಭಾಷೆಗೆ ತಿರುಗಿಸಿ ಎರಡು ಸಲ ಓದಿದ. ತನಗೂ ಒಂದು ಪ್ರತಿ ಬೇಕು ಎಂದ. ಸಹಿ ಹಾಕಿದ. ಮತ್ತೆ ಸಂಜೆಯ ಬೂಟಿಗೆ ದಾರ ಪೋಣಿಸತೊಡಗಿದ. ಅದರಲ್ಲಿ ಏನಿದೆ ಎಂದು ನಾನೂ ಕೇಳಲಿಲ್ಲ.

ಆ ಸಂಜೆ ಅವನು ಎರಡು ಗೋಲು ಹೊಡೆದ. ಡೈರೆಕ್ಟರ್ ಮೈದಾನಕ್ಕೆ ಇಳಿದು ಅವನ ಎದೆಗೆ ಒರಗಿ ಅತ್ತ. ಇವನು ನನ್ನ ಮಗ, ಇನ್ನೆರಡು ವರ್ಷ ಇಲ್ಲೇ, ಯಲ್ಲಾ, ಬೇಗ ಕಾಂಟ್ರ್ಯಾಕ್ಟ್ ತನ್ನಿ ಎಂದು ಕೂಗಿದ. ಪಿ.ಆರ್.ಓ. ಡೈರೆಕ್ಟರನ ಕಿವಿಯಲ್ಲಿ ಏನೋ ಹೇಳಿದ. ಹಾಗಾದರೆ ಬೆಳಗಿನ ಕಾಗದ ಹರಿ ಎಂದ ಡೈರೆಕ್ಟರ್. ಇನ್ನೊಂದು ಪ್ರತಿ ಹುಡುಗನ ಹತ್ತಿರ ಇದೆ ಎಂದ ಪಿ.ಆರ್.ಓ. ಆಗ ಹುಡುಗನೇ ವಿಷಯ ತಿಳಿಸಿದ: ಆ ಪ್ರತಿ ತೋರಿಸಿ, ಮಧ್ಯಾಹ್ನವೇ ಅರ್ಧ ಗಂಟೆ ದೂರದ ಇನ್ನೊಂದು ಕ್ಲಬ್ಬಿಗೆ ಮೂರು ವರ್ಷಕ್ಕೆ ಒಪ್ಪಿಕೊಂಡು ಬಂದಿದ್ದ. ಮಗಳ ಶಾಲೆಯನ್ನೂ ಬದಲಿಸಬೇಕಾಗಿಲ್ಲವಂತೆ.

“ನಮಗೆ ಯಾಕೆ ಹೇಳಲಿಲ್ಲ?” ಡೈರೆಕ್ಟರ್ ಕೇಳಿದ.

“ನೀವು ಕೇಳಲಿಲ್ಲ.”

“ಮತ್ತೆ ಇವತ್ತು ಯಾಕೆ ಆಡಿದಿ?”

“ಕಾಗದದಲ್ಲಿ ನಾಳೆಯಿಂದ ಎಂದಿತ್ತು.”

ನನಗೆ ಆ ಗಳಿಗೆಯಲ್ಲಿ ಆದಷ್ಟು ಖುಷಿ ಹದಿನೇಳು ವರ್ಷದಲ್ಲಿ ಆಗಿಲ್ಲ. ಜೆರ್ಸಿಯ ರಾಶಿಯಲ್ಲಿ ಮುಖ ಹುಗಿದು ನಕ್ಕೆ.

ಫೆಬ್ರವರಿಯಲ್ಲಿ ಅವನು ನಮ್ಮ ಮೇಲೆಯೇ ಮೂರು ಗೋಲು ಹೊಡೆದ. ಊರೆಲ್ಲ ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಇಂಥ ಆಟಗಾರನನ್ನು ಬಿಟ್ಟುಕೊಟ್ಟ ಮೂರ್ಖ ಯಾರು ಎಂದು ಪತ್ತೆ ಹಚ್ಚಲು ಸಮಿತಿ ರಚನೆಯಾಯಿತು. ಅಧ್ಯಕ್ಷ ನಮ್ಮ ಡೈರೆಕ್ಟರೇ. ಅರಬ್ಬಿಯಲ್ಲಿ ಟೈಪಾದ ವರದಿ ಒಂದೇ ವಾರದಲ್ಲಿ ತಯಾರಾಯಿತು. ನಾನು ಬೂಟು ಒಣಹಾಕುತ್ತಿದ್ದಾಗ ಪಿ.ಆರ್.ಓ. ಅದನ್ನು ಹಿಡಿದುಕೊಂಡು ಬಂದ. ಸುಮ್ಮನೆ ಫಾರ್ಮಾಲಿಟಿ ಮಾರಾಯ್ರೆ, ಸಾಕ್ಷಿಗೆ ಒಂದು ಸಹಿ ಎಂದ. ಕೈ ಒದ್ದೆಯಿತ್ತು, ಪ್ಯಾಂಟಿಗೆ ಒರೆಸಿಕೊಂಡು ಅವನು ಬೆರಳಿಟ್ಟ ಕಡೆ ಹಾಕಿಕೊಟ್ಟೆ.

ಆ ಮೂರ್ಖ ನಾನೇ ಎಂದು ಒಪ್ಪಿಕೊಂಡಿದ್ದೇನೆ ಎಂಬುದು ನನಗೆ ಮರುದಿನ ನೋಟಿಸ್ ಬೋರ್ಡಿನಲ್ಲಿ ಅದರ ಇಂಗ್ಲಿಷ್ ಪ್ರತಿ ನೋಡಿದ ಮೇಲೆ ಗೊತ್ತಾಯಿತು.