ಇನ್ನೂರ ಹದಿಮೂರನೇ ಕುಂಡ

ಹಾಸಿಗೆ ಒದರುವಾಗ ಮಂಚದ ಸಂದಿಯಿಂದ ಹೆಂಡತಿಯ ಕನ್ನಡಕ ಬಿದ್ದದ್ದೇ ಆ ದಿನದ ರಗಳೆಗೆಲ್ಲ ಮೂಲ. ಆಕೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕನ್ನಡಕ ಕಳೆದದ್ದು ನೀವೇ ಎಂದು ಬದುಕಿದ್ದಾಗ ವಾರಗಟ್ಟಲೆ ಜಗಳ ತೆಗೆದಿದ್ದಳು. ಈಗ ‘ನೋಡು, ನಾನಲ್ಲ’ ಎಂದು ಎತ್ತಿ ತೋರಿಸೋಣವೆಂದರೆ, ಮನೆಯಲ್ಲಿ ಫ್ರಿಜ್ಜಿನ ಗೊರಗೊರ ಸದ್ದು ಬಿಟ್ಟರೆ ಕೇಳುವವರಿರಲಿಲ್ಲ.

ಹೀಗೆ ಗೆದ್ದೂ ಸೋತವರು ಬೆಳೆರೋಗ ಸಂಶೋಧನಾ ಕೇಂದ್ರದ ಟೆಕ್ನಿಷಿಯನ್. ಎಲ್ಲರ ಬಾಯಲ್ಲಿ ರಿಪೇರಿ ರಾಯರು. ಕೇಂದ್ರದ ಗಾಜಿನ ಮನೆಯಲ್ಲಿ ಆರುನೂರು ಟೊಮೆಟೊ ಸಸಿಗಳಿಗೆ ಬೇಕೆಂದೇ ಅಂಗಮಾರಿ ರೋಗ ಹತ್ತಿಸಿ, ಯಾವುದು ತಾಳುತ್ತದೆಂದು ನೋಡುತ್ತಿದ್ದರು. ತಾಳಿದ್ದು ಹೊಸ ತಳಿಗೆ, ತಾಳದ್ದು ಬೆಂಕಿಗೆ. ಮೊದಲು ಇದನ್ನೆಲ್ಲ ಎಲೆ ಎಲೆ ತಿರುವಿ ನೋಡಿ ಬರೆದುಕೊಳ್ಳಬೇಕಿತ್ತು. ಬರೆದು ಮುಗಿಯುವಷ್ಟರಲ್ಲಿ ಸಸಿಗೆ ವಯಸ್ಸಾಗಿರುತ್ತಿತ್ತು. ಯಂತ್ರ ತರಿಸೋಣವೆಂದರೆ ಕೇಂದ್ರವನ್ನೇ ಮಾರಬೇಕಿತ್ತು. ರಾಯರು ಹಳೆಯ ಮೊಬೈಲು, ಸೈಕಲ್ ಚೈನು, ಹೊಲಿಗೆ ಮಿಷಿನ್ನಿನ ಮೋಟಾರು ಸೇರಿಸಿ, ಕುಂಡಗಳ ನೆತ್ತಿಗೆ ಕಂಬಿಯ ಮೇಲೆ ಓಡುವ ಪುಟ್ಟ ಗಾಡಿ ಕಟ್ಟಿದರು. ಗಂಟೆಯೊಳಗೆ ಅದು ಆರುನೂರು ಫೋಟೊ ಹಿಡಿಯುತ್ತಿತ್ತು. ಕಂಪ್ಯೂಟರು ಹಸಿರೆಷ್ಟು, ಹಳದಿಯೆಷ್ಟು, ಕಂದೆಷ್ಟು ಎಂದು ಅಳೆದು, ಸೊನ್ನೆಯಿಂದ ಒಂಬತ್ತರವರೆಗೆ ರೋಗದ ದರ್ಜೆ ಕೊಡುತ್ತಿತ್ತು. ಎಲ್ಲರೂ ಬೆನ್ನು ತಟ್ಟಿದರು. ರಾಯರಿಗಾದ ಲಾಭವೆಂದರೆ, ಜೊತೆಗೆ ಕೂತು ಎಲೆ ತಿರುವುತ್ತಿದ್ದ ನಾಲ್ವರನ್ನೂ ಬೇರೆ ವಿಭಾಗಕ್ಕೆ ಹಾಕಿದ್ದು.

ಮಾತಾಡಲು ಉಳಿದದ್ದು ಸಸಿಗಳು. ಅದರಲ್ಲೂ ಇನ್ನೂರ ಹದಿಮೂರನೇ ಕುಂಡದ್ದು. ಅಕ್ಕಪಕ್ಕದವೆಲ್ಲ ಒದ್ದೆ ಕಾಗದದಂತೆ ಮುದುಡಿಕೊಂಡಿದ್ದರೂ ಅದೊಂದು ಮಾತ್ರ ಮದುವೆಗೆ ಹೊರಟವರ ಹಾಗೆ ಮಿರಮಿರ ಮಿಂಚುತ್ತಿತ್ತು. ಆ ಬೆಳಿಗ್ಗೆ ರಾಯರು ಅದಕ್ಕೇ ಕನ್ನಡಕದ ಕತೆ ಹೇಳಿದರು. ಹೇಳುತ್ತ ಹೇಳುತ್ತ ತಲೆ ತಾನಾಗಿ ಬಾಗಿ ಎಲೆಗಳ ಮೇಲೆ ಕವಿಯಿತು. ಅದೇ ಗಳಿಗೆಗೆ ಗಾಡಿ ನೆತ್ತಿಯ ಮೇಲೆ ಬಂದು, ಕ್ಲಿಕ್ಕೆಂದು ಮುಂದೆ ಹೋಯಿತು.

ಹನ್ನೊಂದು ಗಂಟೆಗೆ ಕಂಪ್ಯೂಟರಿನ ಹುಡುಗಿ ವರದಿ ಓದಿ ಕುರ್ಚಿಯಿಂದೆದ್ದಳು. ಹಸಿರು ಸೊನ್ನೆ. ಕಂದು ನೂರಕ್ಕೆ ತೊಂಬತ್ತೊಂದು. ದರ್ಜೆ ಒಂಬತ್ತು. ಕ್ರಮ: ಕೂಡಲೇ ಸುಡಿ. ಫೋಟೊ ದೊಡ್ಡದು ಮಾಡಿ ನೋಡಿದರೆ, ಎಲೆಗಳೆಲ್ಲ ಕರಗಿ ನುಣ್ಣಗೆ ಒಂದೇ ಮುದ್ದೆಯಾದ ಹಾಗಿತ್ತು. ನಿನ್ನೆ ಸೊನ್ನೆಯಿದ್ದ ಸಸಿ ಇದು. ಅವಳು ಉಗ್ರಾಣದವರಿಗೆ ಹೇಳಿದಳು. ಉಗ್ರಾಣದವರಿಗೆ ಹೇಳಿದ ಮೇಲೆ ಬೇರೆ ಯಾರಿಗೂ ಹೇಳುವ ಅಗತ್ಯವಿರಲಿಲ್ಲ. ಒಂದೇ ರಾತ್ರಿಯಲ್ಲಿ ಗಿಡ ನುಂಗುವ ಹೊಸ ರೋಗ ಬಂದಿದೆಯೆಂದು ಟೀ ಹೊತ್ತಿಗೆ ಕೇಂದ್ರವೆಲ್ಲ ಸುದ್ದಿ. ಟೈಪಿಸ್ಟಮ್ಮ ಮೂರು ಸಲ ಕೈ ತೊಳೆದರು. ಕಾವಲಿನವನು ಗೇಟಿಗೆ ಬೀಗ ಜಡಿದ. ಉಗ್ರಾಣದವರಿಗೆ ಸುದ್ದಿ ಹೇಳುತ್ತ ಹೇಳುತ್ತಲೇ ಮೈ ತುರಿಸತೊಡಗಿತು.

ಕ್ಯಾಂಟೀನಿನಲ್ಲಿ ಇದನ್ನು ಕೇಳಿದ ರಾಯರ ಕೈ ತಾನಾಗಿ ಬೋಳುತಲೆಗೆ ಹೋಯಿತು. ಆ ತೊಂಬತ್ತೊಂದು ಯಾರದ್ದೆಂದು ಅವರಿಗೆ ತಿಳಿದುಹೋಯಿತು. ಬಾಯಿ ಬಿಟ್ಟರೆ, ಕುಂಡದೊಳಗೆ ತಲೆ ಯಾಕೆ ಇಟ್ಟಿರಿ ಎಂಬ ಪ್ರಶ್ನೆ ಬರುತ್ತದೆ. ಸದ್ದಿಲ್ಲದೆ ಮತ್ತೊಂದು ಫೋಟೊ ಹಿಡಿದುಬಿಡೋಣವೆಂದು ಗಾಜಿನ ಮನೆಗೆ ಓಡಿದರೆ, ಕುಂಡವಿದ್ದ ಜಾಗದಲ್ಲಿ ನೀರಿನ ದುಂಡನೆ ಕಲೆ ಮಾತ್ರ ಉಳಿದಿತ್ತು.

ಹಿತ್ತಲಲ್ಲಿ ಬೆಂಕಿ ಗೂಡು ಉರಿಯುತ್ತಿತ್ತು. ಉಗ್ರಾಣದವರು ಕಣ್ಣು ಮುಚ್ಚಿಕೊಂಡೇ ಕುಂಡಕ್ಕೆ ಗೋಣಿಚೀಲ ಕವುಚಿ, ತಳ್ಳುಗಾಡಿಯಲ್ಲಿ ತಂದಿದ್ದರು. ನಿರ್ದೇಶಕಿ ಮೇಡಂ ಸೇರಿ ಅರ್ಧ ಕೇಂದ್ರವೇ ಮೂಗಿಗೆ ಬಟ್ಟೆ ಕಟ್ಟಿ ದೂರದಲ್ಲಿ ನಿಂತಿತ್ತು. ರಾಯರು ಹೋಗಿ ಗೋಣಿಚೀಲವನ್ನು ತಬ್ಬಿಕೊಂಡರು.

“ಬಿಡ್ರೀ, ಅಂಟ್ಕೊಳ್ಳುತ್ತೆ,” ಅಂದರು ಉಗ್ರಾಣದವರು.

“ಅದಕ್ಕೇನೂ ಆಗಿಲ್ಲ. ಫೋಟೊದಲ್ಲಿರೋದು ನನ್ನ ತಲೆ.”

ಯಾರೂ ನಂಬಲಿಲ್ಲ. ಕೊನೆಗೆ ತಳ್ಳುಗಾಡಿಯ ಸಮೇತ ಗಾಜಿನ ಮನೆಗೆ ವಾಪಸು ಬಂದು, ಎಲ್ಲರೆದುರು ರಾಯರು ತಾವೇ ಕಟ್ಟಿದ ಗಾಡಿಯ ಕೆಳಗೆ ತಲೆ ಬಗ್ಗಿಸಿ ಕೂರಬೇಕಾಯಿತು. ಕಂಪ್ಯೂಟರು ಎರಡನೇ ಸಲವೂ ತಡವರಿಸಲಿಲ್ಲ: ದರ್ಜೆ ಒಂಬತ್ತು, ಕೂಡಲೇ ಸುಡಿ. ನಗು ಗಾಜಿಗೆ ಬಡಿದು ಮರಳಿ ಬಂತು. ರಾಯರೂ ನಗಲು ನೋಡಿದರು.

“ಅದಿರಲಿ, ಅಲ್ಲಿ ಬಗ್ಗಿ ಏನ್ಮಾಡ್ತಿದ್ರಿ?” ಎಂದರು ಮೇಡಂ.

“ಮಾತಾಡ್ತಿದ್ದೆ.”

“ಯಾರ ಜೊತೆ?”

ರಾಯರು ಕುಂಡದ ಕಡೆ ನೋಡಿದರು. ನಗು ಒಂದೊಂದಾಗಿ ನಿಂತಿತು. ಮೇಡಂ ತಾವೇ ಹೋಗಿ ಗೋಣಿಚೀಲ ತೆಗೆದರು. ಎಲೆ ತಿರುವಿದರು, ಮತ್ತೊಂದು ತಿರುವಿದರು, ಭೂತಗನ್ನಡಿ ಹಿಡಿದು ನೋಡಿದರು. ಆರುನೂರರಲ್ಲಿ ಒಂದೇ ಒಂದು ಕಲೆಯಿಲ್ಲದ ಸಸಿ. ಆರು ವರ್ಷದಿಂದ ಅವರು ಹುಡುಕುತ್ತಿದ್ದದ್ದು ಇದೇ. ಇನ್ನೊಂದು ನಿಮಿಷ ತಡವಾಗಿದ್ದರೆ ಬೂದಿ. ಅವರು ರಾಯರ ಎರಡೂ ಕೈ ಹಿಡಿದುಕೊಂಡು, ನಿಮ್ಮ ಉಪಕಾರ ಜನ್ಮದಲ್ಲಿ ಮರೆಯೋದಿಲ್ಲ ಅಂದರು. ಆಮೇಲೆ, ಇಂಥ ಸಸಿಯನ್ನು ಹೀಗೆ ಬಯಲಲ್ಲಿ ಇಡುವುದು ತರವಲ್ಲವೆಂದು, ಆಗಿಂದಾಗಲೇ ಅದನ್ನು ಮಹಡಿಯ ಮುಚ್ಚಿದ ಕೋಣೆಗೆ ಸಾಗಿಸಿದರು. ಅದರ ಬೀಗದ ಕೈ ಇಬ್ಬರು ವಿಜ್ಞಾನಿಗಳ ಬಳಿ ಮಾತ್ರ. ಟೆಕ್ನಿಷಿಯನ್ನರಿಗೆ ಪ್ರವೇಶವಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ರಾಯರು ಗಾಜಿನ ಮನೆಯಲ್ಲಿ ಖಾಲಿ ಜಾಗದ ಮುಂದೆ ಸ್ವಲ್ಪ ಹೊತ್ತು ನಿಂತರು. ಪಕ್ಕದ ಇನ್ನೂರ ಹದಿನಾಲ್ಕರ ಎಲೆ ಅರ್ಧ ಉದುರಿತ್ತು. ದರ್ಜೆ ಎಂಟು, ನಾಳೆ ಬೆಳಿಗ್ಗೆ ಬೆಂಕಿಗೆ ಎಂಬ ಚೀಟಿ ಅಂಟಿಸಿದ್ದರು. ರಾಯರು ಅದರೆದುರು ಕೂತರು.

“ಹೊತ್ತಿಲ್ಲ,” ಅಂದರು, “ಅದಕ್ಕೇ ಚುಟುಕಾಗಿ ಹೇಳ್ತೀನಿ.”