ಎರಡು ಸೀಟಿನ ಕಾರಿಗೆ ನಾಲ್ಕು ಮಣೆ

ಒಂದು ಗೇಣು, ಮೂರು ಬೆರಳು. ಸೀಟಿನ ಬೆನ್ನಿಗೂ ಡಿಕ್ಕಿಯ ತಗಡಿಗೂ ನಡುವೆ ಇದ್ದ ಜಾಗ ಅಷ್ಟೇ. ಅಜ್ಜಿ ಕಾರಿನೊಳಗೆ ಬಗ್ಗಿ ಎರಡು ಸಲ ಅಳೆದು, ಸೊಂಟ ನೆಟ್ಟಗೆ ಮಾಡಿಕೊಂಡು, "ಇಲ್ಲಿ ನಾನು ಕೂರಬಹುದು, ಆದರೆ ಕಾಲನ್ನ ಮನೇಲಿಟ್ಟು ಬರಬೇಕು" ಎಂದರು. ನಾನು ಆಗ ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯಲ್ಲಿದ್ದೆ. ಅಳತೆಯ ಉಪಕರಣಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಹಾಗಾಗಿ ಅಜ್ಜಿ ಒಳಗೆ ಹೋದ ಮೇಲೆ ಟೇಪು ತಂದು ನಾನೂ ಅಳೆದೆ. ಅಜ್ಜಿಯ ಕೈ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಜಾಗ ಇನ್ನೂ ಕಡಿಮೆ ಇರಬಾರದಿತ್ತೇ ಎಂದುಕೊಂಡೆ.

ಕಾರಿನ ವಿಷಯ ಹೇಳಬೇಕು. ಅದು ಕಡುಹಸಿರು ಬಣ್ಣದ, ಮೇಲೆ ಕ್ಯಾನ್ವಾಸ್ ಟಾಪಿನ, ಇಂಗ್ಲೆಂಡಿನಲ್ಲಿ ಹುಟ್ಟಿದ ಸ್ಪೋರ್ಟ್ಸ್ ಕಾರು. ಎರಡು ಬಾಗಿಲು, ಎರಡು ಸೀಟು. ಅಪ್ಪ ಬ್ರಹ್ಮಚಾರಿಯಾಗಿದ್ದಾಗ ಕುಕ್ ಟೌನಿನ ನಮ್ಮ ಪಕ್ಕದ ಬಂಗಲೆಯ ಆಂಗ್ಲೋ ಇಂಡಿಯನ್ ಮುದುಕರೊಬ್ಬರು ಆಸ್ಟ್ರೇಲಿಯಾಕ್ಕೆ ಹೊರಟು ನಿಂತು, "ಇದನ್ನು ಚೆನ್ನಾಗಿ ನೋಡಿಕೊಳ್ಳುವವನು ನೀನೊಬ್ಬನೇ" ಎಂದು ಕೊಟ್ಟು ಹೋದರಂತೆ. ಅಪ್ಪ ಆ ಮಾತನ್ನು ಇಂದಿಗೂ ಗಂಭೀರವಾಗಿಯೇ ಇಟ್ಟುಕೊಂಡಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದ ಮೇಲಂತೂ ಅದನ್ನು ಒರೆಸುವುದನ್ನು ನೋಡಿದರೆ ಮಗುವಿಗೆ ಎಣ್ಣೆಸ್ನಾನ ಮಾಡಿಸುತ್ತಿದ್ದಾರೇನೋ ಅನ್ನಿಸುತ್ತದೆ. ಒಂದು ತೊಡಕೆಂದರೆ, ಕಾರು ಬಂದ ಮೇಲೆ ಅಮ್ಮ ಬಂದರು, ಆಮೇಲೆ ನಾನು ಬಂದೆ, ತಾತ ಹೋದ ಮೇಲೆ ಅಜ್ಜಿಯೂ ಬಂದರು. ಸೀಟು ಮಾತ್ರ ಎರಡೇ ಉಳಿಯಿತು.

ಮೊದಮೊದಲು ಆ ಎರಡನೆಯ ಸೀಟು ಅಮ್ಮನದೇ ಆಗಿತ್ತು. ನನಗೆ ಐದು ವರ್ಷ ತುಂಬಿ ಶಾಲೆಗೆ ಬಿಡುವುದು ಶುರುವಾದಾಗ ಅದು ನನ್ನದಾಯಿತು. ಮತ್ತೆ ಅದನ್ನು ವಾಪಸು ಕೊಡಬೇಕೆಂದು ನನಗಾಗಲಿ, ಕೇಳಬೇಕೆಂದು ಅಮ್ಮನಿಗಾಗಲಿ ತೋಚಲಿಲ್ಲ. ಶಾಲೆ ಆಯಿತು, ಕಾಲೇಜು ಆಯಿತು, ಎಂ.ಎಸ್ಸಿ. ಆಯಿತು, ಕೆಲಸವೂ ಸಿಕ್ಕಿತು. ಕಾರ್ಖಾನೆಯ ಬಸ್ಸು ಟಿನ್ ಫ್ಯಾಕ್ಟರಿ ಎಂಬ ನಿಲ್ದಾಣದ ಹತ್ತಿರ ಬರುತ್ತದೆ, ಅಲ್ಲಿಯವರೆಗೆ ಅಪ್ಪ ಬಿಡುತ್ತಾರೆ. ಕ್ಯಾನ್ವಾಸ್ ಮಡಚಿದರೆ ಗಾಳಿಯ ಸದ್ದು, ಮುಚ್ಚಿದರೆ ಇಂಜಿನ್ನಿನ ಸದ್ದು. ಒಂದು ಮಾತೂ ಕೇಳಿಸುವುದಿಲ್ಲ. ಮಾತು ಕಡಿಮೆಯ ತಂದೆಗೂ ಮಾತು ಕಡಿಮೆಯ ಮಗಳಿಗೂ ಇದಕ್ಕಿಂತ ಒಳ್ಳೆಯ ವಾಹನ ಯಾವುದಿದೆ? ಆ ಅರ್ಧ ಗಂಟೆ ಯಾರಿಗೂ ಏನೂ ಹೇಳಬೇಕಿಲ್ಲ, ನನ್ನ ಮದುವೆಯ ಬಗ್ಗೆ ಅಭಿಪ್ರಾಯವನ್ನೂ ಸಹ. ನನ್ನ ದಿನದಲ್ಲಿ ನಾನು ಪೂರ್ತಿ ನೆಮ್ಮದಿಯಾಗಿದ್ದ ಸಮಯ ಅದೊಂದೇ. ಹಿಂದೆ ಒಂದು ಸೀಟು ಬಂದರೆ ಅದು ಹೋಗುತ್ತದೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಹಿಂದಿನ ಸೀಟಿನ ಮಾತು ಎದ್ದದ್ದು ಹಲಸೂರಿನ ಒಂದು ಮದುವೆಯಿಂದ. ಎಂದಿನಂತೆ ಅಪ್ಪನೂ ನಾನೂ ಕಾರಿನಲ್ಲಿ, ಅಮ್ಮನೂ ಅಜ್ಜಿಯೂ ಹಿಂದೆ ಆಟೋದಲ್ಲಿ. ಛತ್ರದ ಬಾಗಿಲಲ್ಲಿ ನಮ್ಮಿಬ್ಬರಿಗೆ ಪನ್ನೀರು ಚಿಮುಕಿಸಿ, ಗುಲಾಬಿ ಕೊಟ್ಟು, ಕಾರನ್ನು ಸುತ್ತಿ ನೋಡಿ, ಒಳಗೆ ಕರೆದುಕೊಂಡು ಹೋದರು. ಹತ್ತು ನಿಮಿಷದ ಮೇಲೆ ಆಟೋದಿಂದ ಇಳಿದ ಅಮ್ಮನನ್ನು ಅದೇ ಬಾಗಿಲಲ್ಲಿ ಒಬ್ಬಾಕೆ ನಯವಾಗಿ ಕೇಳಿದರಂತೆ: "ನೀವು ಯಾರ ಕಡೆಯವರು?"

ಅಮ್ಮ ಊಟ ಮುಗಿಸಿಕೊಂಡೇ ಹೊರಟರು. ಮನೆಗೆ ಬಂದು, ಸೀರೆ ಮಡಚಿಟ್ಟು, ಅಪ್ಪನ ಮುಂದೆ ಬಂದು ನಿಂತರು. "ನೋಡ್ರೀ, ಆ ಕಾರಿಗೆ ಹಿಂದೆ ಸೀಟು ಹಾಕಿಸಿ, ಇಲ್ಲಾ ಮಾರಿಬಿಡಿ. ನಾನು ಯಾರ ಕಡೆಯವಳು ಅಂತ ಅದರಿಂದ್ಲೇ ತೀರ್ಮಾನ ಆಗ್ಲಿ."

ಅಪ್ಪ ಸ್ಪೋರ್ಟ್ಸ್ ಕಾರಿನ ಪರಂಪರೆಯ ಮಾತು ತೆಗೆದರು. ಅಮ್ಮ ಅಪ್ಪನದೇ ವಿದೇಶಿ ಕಾರು ಪತ್ರಿಕೆ ತಂದು ಟೀಪಾಯಿಯ ಮೇಲೆ ಬಿಚ್ಚಿಟ್ಟರು. ಅದರಲ್ಲಿ, ಸ್ಪೋರ್ಟ್ಸ್ ಕಾರುಗಳಿಗೇ ಹೆಸರಾದ ಕಂಪನಿಗಳು ಇನ್ನು ಮುಂದೆ ಸಂಸಾರಸ್ಥರಿಗಾಗಿ ನಾಲ್ಕು ಬಾಗಿಲಿನ, ದೊಡ್ಡ ಡಿಕ್ಕಿಯ ಮಾದರಿಗಳನ್ನೂ ತರಲಿವೆ ಎಂದಿತ್ತು. "ಹೆತ್ತವರೇ ಒಪ್ಪಿರುವಾಗ ಸಾಕಿದವರದ್ದೇನು?" ಎಂದರು ಅಮ್ಮ. ಅಪ್ಪ ಪತ್ರಿಕೆ ಮಡಚಿಟ್ಟು ಕಾರು ಒರೆಸಲು ಹೋದರು.

ಉತ್ತರ ನನ್ನ ಹತ್ತಿರ ಇತ್ತು. ಎರಡು ಹಾಳೆಯಲ್ಲಿ ಏಳು ಅಂಶಗಳನ್ನು ಬರೆದೆ. ಚಾಸಿಯ ಚೌಕಟ್ಟಿನ ಬಿಗಿ, ತೂಕದ ಸಮತೋಲ, ಹಿಂದಿನ ಚಕ್ರದ ಮೇಲೆ ಬೀಳುವ ಭಾರ, ಇತ್ಯಾದಿ. ಹೋಲಿಕೆಯನ್ನೂ ಕೊಟ್ಟಿದ್ದೆ. ನಮ್ಮ ಹೋಟೆಲುಗಳಲ್ಲಿ 'ಫ್ಯಾಮಿಲಿ ರೂಮು' ಎಂದು ಒಂದಿರುತ್ತದಲ್ಲ, ಆ ಅರ್ಧಬಾಗಿಲನ್ನು ದಾಟುವಷ್ಟರಲ್ಲಿ ಗರಿಗರಿ ದೋಸೆಯೂ ಮೆತ್ತಗಾಗುತ್ತದೆ. ಅಲ್ಲಿನ ಫ್ಯಾನು ಕಿರುಗುಟ್ಟುತ್ತದೆ, ಮಾಣಿ ಮರೆತುಬಿಡುತ್ತಾನೆ. ಸಂಸಾರಕ್ಕೆಂದು ಬದಲಾಯಿಸಿದ ಯಾವುದೇ ವಸ್ತುವಿಗೆ ಈ ಗತಿ ತಪ್ಪಿದ್ದಲ್ಲ, ಎಂದು ಬರೆದಿದ್ದೆ. ಎಂಟನೆಯ ಅಂಶವನ್ನು, ಅಂದರೆ ನಿಜವಾದದ್ದನ್ನು, ಬರೆಯಲಿಲ್ಲ. ಅಜ್ಜಿ ಕನ್ನಡಕ ಹಾಕಿಕೊಂಡು ಎರಡೂ ಹಾಳೆಗಳನ್ನು ಓದಿ, "ಚೆನ್ನಾಗಿ ಬರೆದಿದೀಯ. ಅಕ್ಷರ ದುಂಡಗಿದೆ" ಎಂದು ಮಡಚಿ ಕೊಟ್ಟರು.

ಕೊನೆಗೆ ಅಪ್ಪ ಶಿವಾಜಿನಗರದ ಗಫಾರ್ ಸಾಹೇಬರನ್ನು ಕರೆಸಿದರು. ಕಾರಿನ ತಗಡು ಬಗ್ಗಿಸುವುದು, ಬೆಸೆಯುವುದು, ಹೊಸ ಬಾಡಿ ಕಟ್ಟುವುದು ಅವರ ಮನೆತನದ ಕಸುಬು. ಭಾನುವಾರ ಬೆಳಿಗ್ಗೆ ಬಂದವರು ಕಾರನ್ನು ಮುಟ್ಟಿ ನೋಡಿ, ಒಂದು ಸಲ ನಿಟ್ಟುಸಿರು ಬಿಟ್ಟು, ಜೇಬಿನಿಂದ ಸೀಮೆಸುಣ್ಣ ತೆಗೆದರು. ನಾನು ನನ್ನ ಹಾಳೆಗಳನ್ನು ಚಾಚಿದೆ.

"ಕಾಗದ ಬೇಡಮ್ಮಾ. ನಮ್ದು ನೆಲದ ಮೇಲೆ ಬರೆಯೋ ಕೆಲಸ. ಮನೆಯವರನ್ನೆಲ್ಲ ಕರೀರಿ."

"ಮನೆಯವರು ಯಾಕೆ?" ಎಂದೆ.

"ಬಾಡಿ ಅಂದ್ರೆ ಮನುಷ್ಯರ ಸುತ್ತ ಕಟ್ಟೋದು. ಬಾಡಿ ಕಟ್ಟಿ ಆಮೇಲೆ ಮನುಷ್ಯರನ್ನ ತುಂಬೋದು ಲಾರಿಯವರು."

ಅವರ ಪದ್ಧತಿಯೇ ಹಾಗೆ. ಮುಂದಿನ ಸಿಮೆಂಟು ಅಂಗಳದಲ್ಲಿ ನಮ್ಮ ಕಾರಿನ ಚಕ್ರಗಳ ಗುರುತು ಹಾಕಿಕೊಂಡು, ಅದರ ನಡುವೆ ನಮ್ಮನ್ನು ಕೂರಿಸಿ, ನಮ್ಮ ಸುತ್ತಲೇ ಗೆರೆ ಎಳೆಯುತ್ತಾರಂತೆ. ಅಮ್ಮ ಅಡುಗೆಮನೆಯಿಂದ ಸ್ಟೂಲು ತಂದರು. ಸಾಹೇಬರು ತಲೆಯಾಡಿಸಿದರು. "ಎತ್ತರ ಆಯ್ತಮ್ಮಾ. ಈ ಗಾಡಿ ನೆಲ ಮೂಸ್ಕೊಂಡು ಓಡೋದು. ತಗ್ಗಾಗಿರೋದು ಏನಾದ್ರೂ ಕೊಡಿ." ಹಾಗಾಗಿ ಊಟದ ಮಣೆಗಳು ಬಂದವು. ನಾಲ್ಕು ಮಣೆ, ಮುಂದೆ ಎರಡು, ಹಿಂದೆ ಎರಡು. ಕಾಂಪೌಂಡಿನಾಚೆ ಹೋಗುತ್ತಿದ್ದ ಎದುರು ಮನೆಯವರು ನಿಂತು, "ಏನು ವಿಶೇಷ? ಎಲೆ ಇನ್ನೂ ಹಾಕಿಲ್ವಾ?" ಎಂದು ಕೇಳಿದರು. ಆಗಲೇ ಮುಂದೆ ಕುಳಿತು, ಇಲ್ಲದ ಸ್ಟೀರಿಂಗ್ ಹಿಡಿದಿದ್ದ ಅಪ್ಪ ಕೈ ಕೆಳಗಿಳಿಸಿದರು.

ಕೂರುವಾಗ ಒಂದು ಸಣ್ಣ ಸಂಗತಿ ನಡೆಯಿತು. ನಾನು ಅಭ್ಯಾಸಬಲದಿಂದ ಅಪ್ಪನ ಪಕ್ಕದ ಮಣೆಯತ್ತ ಹೋದೆ. ಅಲ್ಲಿ ಅಮ್ಮ ಆಗಲೇ ಕುಳಿತಿದ್ದರು. ನಾನು ಹಿಂದೆ, ಅಜ್ಜಿಯ ಪಕ್ಕ ಕುಳಿತೆ. ಆ ಸೀಟು ನನ್ನದಾದ ಇಪ್ಪತ್ತೊಂದು ವರ್ಷದಲ್ಲಿ ಅಪ್ಪ ಅಮ್ಮನ ತಲೆಗಳನ್ನು ಹಿಂದಿನಿಂದ ಒಟ್ಟಿಗೆ ನೋಡಿದ್ದು ಅದೇ ಮೊದಲು. ಇಬ್ಬರಿಗೂ ಒಂದೇ ಜಾಗದಲ್ಲಿ ಕೂದಲು ನರೆತಿತ್ತು.

"ಅಲ್ಲಾ ರೀ," ಎಂದರು ಅಮ್ಮ, ಮುಂದಿನ ಗೇಟನ್ನೇ ನೋಡುತ್ತ. "ದಿನಾ ಟಿನ್ ಫ್ಯಾಕ್ಟರಿವರೆಗೂ ನೀವಿಬ್ರೂ ಏನು ಮಾತಾಡ್ತೀರಿ?"

"ಏನೂ ಇಲ್ಲ," ಎಂದರು ಅಪ್ಪ.

"ಏನೂ ಇಲ್ಲ ಅಂದ್ರೆ?"

"ಏನೂ ಇಲ್ಲ ಅಂದ್ರೆ ಏನೂ ಇಲ್ಲ. ಸುಮ್ಮನೆ ಹೋಗ್ತೀವಿ."

ಅಮ್ಮ ತಿರುಗಿ ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

"ಇಷ್ಟು ವರ್ಷ ನಾನು ಏನೇನೋ ಅಂದ್ಕೊಂಡಿದ್ದೆ. ನನ್ನ ಬಿಟ್ಟು ದೊಡ್ಡ ದೊಡ್ಡ ವಿಷಯ ಮಾತಾಡ್ಕೋತೀರಿ ಅಂತ," ಎಂದರು ಅಮ್ಮ. ಮತ್ತೆ ಗೇಟಿನತ್ತ ತಿರುಗಿ, ಮೆಲ್ಲಗೆ, "ಸುಮ್ಮನೆ ಹೋಗೋಕೆ ನನಗೂ ಒಂದು ಸೀಟು ಬೇಕಿತ್ತು ಕಣೇ" ಎಂದರು.

ಗಫಾರ್ ಸಾಹೇಬರು ನಮ್ಮ ಮಾತು ಕೇಳಿಸದವರಂತೆ ಅಜ್ಜಿಯ ಮೊಣಕಾಲಿನ ಸುತ್ತ ಗೆರೆ ಎಳೆದು ಎದ್ದರು. ಕಾರು ಎಷ್ಟು ಉದ್ದವಾಗಿತ್ತೆಂದರೆ, ಗೆರೆ ಗೇಟಿನ ಹತ್ತಿರದ ತುಳಸಿಕಟ್ಟೆಯನ್ನು ಸುತ್ತಿಕೊಂಡು ಬಂದಿತ್ತು. "ಆಗುತ್ತೆ ಸಾಬ್," ಎಂದರು. "ಮಧ್ಯ ಕತ್ತರಿಸಿ, ಎಳೆದು, ಇನ್ನೆರಡು ಬಾಗಿಲು ಇಟ್ಟು, ಮೇಲೆ ತಗಡು ಹಾಕಿದ್ರೆ ನಾಲ್ಕು ಜನ ಆರಾಮಾಗಿ ಕೂರಬಹುದು. ಮಾಡ್ತೀನಿ. ಒಂದೇ ಮಾತು, ಆಮೇಲೆ ಮತ್ತೆ ಮೊದಲಿನ ಹಾಗೆ ಮಾಡಿಕೊಡಿ ಅಂತ ಬರಬೇಡಿ. ಆಗಲ್ಲ."

ಅಪ್ಪ ಅಮ್ಮನನ್ನು ನೋಡಿದರು. "ನೀನು ಹೇಳು. ಕತ್ತರಿಸಿ ಅಂದ್ರೆ ಕತ್ತರಿಸಲಿ." ಆ ಮಾತು ಹೇಳುವಾಗ ಅವರ ಕಿವಿ ಕೆಂಪಾಗಿತ್ತು. ಹಿಂದಿನ ಮಣೆಯಿಂದ ನನಗದು ಸ್ಪಷ್ಟವಾಗಿ ಕಾಣಿಸಿತು.

ಅಮ್ಮ ಮಣೆಯಿಂದ ಏಳದೆಯೇ ಎರಡೂ ಕಡೆ ಕೈ ಊರಿ, ಅತ್ತಿತ್ತ ನೋಡಿದರು. "ಬೇಡ ಬಿಡಿ ಸಾಹೇಬ್ರೇ," ಎಂದರು. "ಇಲ್ಲಿ ಕೂತ ಮೇಲೆ ಗೊತ್ತಾಯ್ತು. ನನಗೆ ಹಿಂದಿನ ಸೀಟು ಬೇಕೇ ಆಗಿರಲಿಲ್ಲ."

"ಗುರುವಾರ ಆ ಮುಂದಿನ ಸೀಟು ನನಗೆ," ಎಂದರು ಅಜ್ಜಿ ತಕ್ಷಣ. "ಮಠಕ್ಕೆ. ಈಗಲೇ ಹೇಳಿದೀನಿ."

ಎಲ್ಲರೂ ನಕ್ಕರು. ಗಫಾರ್ ಸಾಹೇಬರು ಚಹಾ ಕುಡಿದು, ಕಾರಿನ ಬಾನೆಟ್ಟನ್ನು ಒಂದು ಸಲ ಸವರಿ ಹೋದರು. ಬಂದಾಗಿನ ನಿಟ್ಟುಸಿರು ಈಗಿರಲಿಲ್ಲ. ನಾನು ಮಾತ್ರ ಹಿಂದಿನ ಮಣೆಯ ಮೇಲೇ ಕುಳಿತಿದ್ದೆ. ಏಳು ಅಂಶಗಳಲ್ಲಿ ಒಂದರಲ್ಲೂ ನಾನು ತಪ್ಪಿರಲಿಲ್ಲ. ಕಾರಿಗೆ ಬದಲಾವಣೆ ಬೇಡವೆಂಬ ನನ್ನ ವಾದವೇ ಗೆದ್ದಿತ್ತು. ಆದರೆ ಆ ಕಾರು ಸಂಸಾರಕ್ಕೆ ಒಗ್ಗದಂತೆ ಮಾಡಿದ್ದು ಇಂಗ್ಲೆಂಡಿನವರಲ್ಲ, ಪಕ್ಕದ ಸೀಟಿನಿಂದ ಏಳದೆ ಕುಳಿತಿದ್ದ, ಇಪ್ಪತ್ತಾರು ವರ್ಷದ ನಾನೆಂದು ಎರಡು ಹಾಳೆಯಲ್ಲಿ ಎಲ್ಲೂ ಬರೆದಿರಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪನ ಕಾಫಿ ಲೋಟದ ಕೆಳಗೆ ಒಂದು ಚೀಟಿ ಇಟ್ಟೆ: 'ಸಿಟಿ ಬಸ್ಸಿನಲ್ಲಿ ಹೋಗುತ್ತಿದ್ದೇನೆ. ಅಮ್ಮನನ್ನು ಕರೆದುಕೊಂಡು ಹೋಗಿ.' ಎಲ್ಲಿಗೆ ಎಂದು ಬರೆಯುವುದು ಮರೆತುಹೋಯಿತು. ಬೈಯಪ್ಪನಹಳ್ಳಿ ದಾಟುವಾಗ ಬಸ್ಸಿನ ಕಿಟಕಿಯಿಂದ ನೋಡುತ್ತೇನೆ, ಕಡುಹಸಿರು ಕಾರು ಟಾಪು ಮಡಚಿಕೊಂಡು ಪಕ್ಕದಲ್ಲೇ ಬರುತ್ತಿದೆ. ಬೇರೆ ದಾರಿ ತೋಚದೆ ಅಪ್ಪ ಅಮ್ಮನನ್ನು ಟಿನ್ ಫ್ಯಾಕ್ಟರಿಗೇ ಹೊರಡಿಸಿಕೊಂಡು ಬಂದಿದ್ದರು. ಅಮ್ಮ ತಲೆಗೆ ಸೆರಗು ಸುತ್ತಿ, ತೊಡೆಯ ಮೇಲೆ ಕೈಯಿಟ್ಟು, ಕಣ್ಣು ಅರ್ಧ ಮುಚ್ಚಿ ಕುಳಿತಿದ್ದರು. ಇಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ.

ನಾನು ಸಾರ್ವಜನಿಕವಾಗಿ ದನಿ ಎತ್ತುವವಳಲ್ಲ. ಆದರೂ ಕಿಟಕಿಯಿಂದ ತಲೆ ಹೊರಹಾಕಿ "ಅಮ್ಮಾ!" ಎಂದು ಕೂಗಿದೆ. ಅರ್ಧ ಬಸ್ಸು ತಿರುಗಿ ನೋಡಿತು. ಅಮ್ಮನಿಗೆ ಕೇಳಿಸಲಿಲ್ಲ, ಆ ಕಾರಿನಲ್ಲಿ ಯಾವ ಮಾತೂ ಕೇಳಿಸುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನಿಮ್ಮನೇದಾ ಆ ಕಾರು?" ಎಂದು ಕೇಳಿದರು ಪಕ್ಕದ ಸೀಟಿನ ಹೆಂಗಸು, ಬುತ್ತಿಯ ಚೀಲ ಸರಿಸಿಕೊಳ್ಳುತ್ತ. "ಮತ್ತೆ ನೀನ್ಯಾಕಮ್ಮಾ ಬಸ್ಸಲ್ಲಿ?"

"ಅದರಲ್ಲಿ ಎರಡೇ ಸೀಟು," ಎಂದೆ. ಆಮೇಲೆ, ಅವರು ಕೇಳದಿದ್ದರೂ, ಟಿನ್ ಫ್ಯಾಕ್ಟರಿ ಬರುವವರೆಗೆ ಆ ಕಾರಿನ ವಿಷಯವನ್ನೆಲ್ಲ ಹೇಳಿದೆ.