ಹೋರಿಗಳ ಕ್ಯಾನಿನಲ್ಲಿ ಅತ್ಯಾನ ಪ್ರೋಟೀನು

ನಮ್ಮ ಅತ್ಯಾನಷ್ಟು ಜಗಳಗಂಟಿ ಹೆಂಗಸು ಕಲಬುರಗಿ ಜಿಲ್ಲೆಯಲ್ಲೇ ಇಲ್ಲವಂತೆ. ಓಣಿಯವರು, ಬಂಧುಬಳಗ, ಹಾಲಿನವನು ಎಲ್ಲರೂ ಒಮ್ಮತದಿಂದ ಒಪ್ಪಿಕೊಂಡ ಮಾತಿದು. ನನ್ನ ತಕರಾರು ಒಂದೇ. ಒಂದೇ ಜಿಲ್ಲೆಗೆ ಯಾಕೆ ನಿಲ್ಲಿಸಿದರು? ಬೀದರ, ಯಾದಗಿರಿ ಏನು ಪಾಪ ಮಾಡಿದ್ದವು?

ಅತ್ಯಾ ಎಂದರೆ ನಮ್ಮಪ್ಪನ ತಂಗಿ. ಮದುವೆಯಾಗಿಲ್ಲ. ಊರಿನ ಒಂದು ಸಂಶೋಧನಾ ಲ್ಯಾಬಿನಲ್ಲಿ ಟೆಕ್ನಿಷಿಯನ್. ಏನು ಕೆಲಸ ಎಂದು ಕೇಳಿದವರಿಗೆ, "ಕುತ್ತಿಗೀಗೆ ಕಿವಿ ಮಾಡ್ತೀನಿ" ಎನ್ನುತ್ತಾಳೆ. ಕೇಳಿದವರು ಮತ್ತೊಮ್ಮೆ ಕೇಳುವುದಿಲ್ಲ!

ಆದರೆ ಅವಳು ಹೇಳುವುದು ಸುಳ್ಳಲ್ಲ. ನಮ್ಮ ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿ ಇದೆಯಲ್ಲ, ಅದಕ್ಕೆ ಕೆಲಸ ಮಾಡು ಎಂದು ಹೇಳಲು ತಲೆಯಿಂದ ಒಂದು ಹಾರ್ಮೋನು ಬರುತ್ತದೆ. ಅದರ ಮಾತನ್ನು ಕೇಳಿಸಿಕೊಳ್ಳುವ ಪ್ರೋಟೀನು ಗ್ರಂಥಿಯ ಮೈಮೇಲಿರುತ್ತದೆ; ಅತ್ಯಾ ಹೇಳುವ ಕಿವಿ ಅದೇ. ಕೆಲವರ ರಕ್ತದಲ್ಲಿ ಪ್ರತಿಕಾಯಗಳೆಂಬ ಚಾಡಿಕೋರರು ಹುಟ್ಟಿಕೊಂಡು, ಹಗಲೂ ರಾತ್ರಿ ಆ ಕಿವಿಯಲ್ಲಿ "ಮಾಡು, ಮಾಡು" ಎಂದು ಊದುತ್ತಾರೆ. ಆಗ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಕಣ್ಣು ಮುಂದೆ ಬರುತ್ತವೆ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ಮನುಷ್ಯರ ಜೀನನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಸೇರಿಸಿ, ಅವುಗಳಿಂದ ಈ ಕಿವಿಯನ್ನು ಮಾಡಿಸಿ, ಸೋಸಿ ಶುದ್ಧ ಮಾಡಿದರೆ ಯಾರ ರಕ್ತದಲ್ಲಿ ಆ ಚಾಡಿಕೋರರಿದ್ದಾರೆಂದು ಪತ್ತೆ ಹಚ್ಚಬಹುದು. ಅತ್ಯಾ ಮಾಡುವುದು ಅದನ್ನೇ.

ಯಾಕೆ ಇದೇ ಕೆಲಸ? ಇಪ್ಪತ್ಮೂರನೇ ವಯಸ್ಸಿಗೆ ಅವಳ ನಿಶ್ಚಿತಾರ್ಥ ಮುರಿದಿತ್ತು. ಕಣ್ಣು ಹಾಗೆ ಮುಂದೆ ಬಂದಿದ್ದವು, ಮಾತಿಗೆ ಮುಂಚೆ ಸಿಟ್ಟು. "ನಿನ್ನ ಕಣ್ಣಾಗಿನ ಸೊಕ್ಕು ನೋಡೇ ಅವರು ಎದ್ದು ಹೋದ್ರು" ಎಂದು ಅಜ್ಜಿ, ಅಂದರೆ ಹೆತ್ತ ತಾಯಿಯೇ, ತೀರ್ಪು ಕೊಟ್ಟಳು. ಮುಂದೆ ಡಾಕ್ಟರು ಥೈರಾಯ್ಡ್ ಎಂದರು, ಗಂಟಾಗಿ ಊದಿದ್ದ ಗ್ರಂಥಿಯನ್ನು ಕೊಯ್ದು ತೆಗೆದರು. ಅಜ್ಜಿ ತೀರ್ಪು ಬದಲಿಸಿದಳೇ? "ಗಂಟು ಬ್ಯಾರೆ, ಸೊಕ್ಕು ಬ್ಯಾರೆ!" ಅಂದಿನಿಂದ ಅತ್ಯಾನಿಗೆ ಹಟ. ತನ್ನ ರಕ್ತವನ್ನೇ ತಾನು ಮಾಡಿದ ಪ್ರೋಟೀನಿಗೆ ಮುಟ್ಟಿಸಿ ನೋಡಬೇಕು. ರೋಗವೋ, ಸೊಕ್ಕೋ ಒಮ್ಮೆ ಇತ್ಯರ್ಥವಾಗಬೇಕು.

ನಮ್ಮದು ಮಡಿ ಮನೆ. ಮಡಿಯ ಉಣ್ಣೆ ಬಟ್ಟೆ ಧಾಬಳಿ ಉಟ್ಟು ಒಲೆ ಮುಂದೆ ನಿಂತ ಅಜ್ಜಿಯ ಹತ್ತಿರ ಗಾಳಿ ಕೂಡ ಕೇಳಿಕೊಂಡು ಹೋಗಬೇಕು. ಅತ್ಯಾ ಆ ಮಡಿಯನ್ನು ಹಾಗೇ ಎತ್ತಿ ಲ್ಯಾಬಿಗೆ ಒಯ್ದಳು. ಅವಳು ಕೆಲಸಕ್ಕೆ ಕುಳಿತಾಗ ಸಂಶೋಧನಾ ವಿದ್ಯಾರ್ಥಿಗಳು ಬಾಗಿಲ ಹೊರಗೆ ಕೈಕಟ್ಟಿ ನಿಲ್ಲಬೇಕು. "ಸರೀರಿ ಹಿಂದ! ಮೊಬೈಲ್ ಮುಟ್ಟಿದ ಕೈ ಅದು!" ಉಳಿದವರ ತಟ್ಟೆಗಳಲ್ಲಿ ಬೂಸ್ಟು ಬೆಳೆದರೂ ಇವಳದು ಒಂದು ಸಲವೂ ಕೆಡಲಿಲ್ಲ. ಮನೆಗೆ ಬಂದು ಉಪ್ಪಿನಕಾಯಿ ಭರಣಿಯ ಬಾಯನ್ನೂ ಸ್ಪಿರಿಟ್ ಹಚ್ಚಿ ಒರೆಸುತ್ತಿದ್ದಳು. ಅಜ್ಜಿ ಹಣೆ ಬಡಿದುಕೊಂಡಳು: "ನಾ ಹೇಳಿದ್ರ ಕೇಳಲಿಲ್ಲ. ಪಗಾರ ಕೊಟ್ಟು ಹೇಳಿದ್ರ ಹ್ಯಾಂಗ ಮಡಿ ಮಾಡ್ತಾಳ ನೋಡು!"

ಎಂಟು ತಿಂಗಳು ಒದ್ದಾಡಿ ಆರು ಪುಟ್ಟ ಶೀಶೆಗಳಷ್ಟು ಪ್ರೋಟೀನು ತಯಾರಾಯಿತು. ಅತ್ಯಾನ ನಿವೃತ್ತಿಗೆ ಉಳಿದದ್ದು ಒಂದೇ ತಿಂಗಳು. ಅಷ್ಟರಲ್ಲಿ, ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಲ್ಯಾಬಿನ ಮೈನಸ್ ಎಂಬತ್ತರ ಫ್ರೀಜರು ಪ್ರಾಣ ಬಿಟ್ಟಿತು! ಕಲಬುರಗಿಯ ಮೇ ಬಿಸಿಲು ಗೊತ್ತಲ್ಲ? ವಿಭಾಗದ ಮುಖ್ಯಸ್ಥರು, ನಮ್ಮ ಕಡೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಹಾಗೆ 'ಬಾಯಿ' ಎಂದು ಕರೆದು, ಫೋನಿನಲ್ಲಿ ಸಮಾಧಾನ ಹೇಳಿದರು.

"ಹೋಗಲಿ ಬಿಡ್ರಿ ಬಾಯಿ, ಇನ್ನೊಮ್ಮೆ ಮಾಡಿದ್ರಾತು."

"ಯಾರು ಮಾಡೋರು? ನೀವು ಮಾಡ್ತೀರೇನು?" ಎಂದು ಫೋನು ಇಟ್ಟಳು.

ಮರುಗಳಿಗೆ ನನಗೆ ಫೋನು. "ಅಜ್ಜೀದು ಧಾಬಳಿ ತಗೊಂಡು ಲಗೂ ಬಾ. ಕೇಳಬ್ಯಾಡ, ತಗೊಂಡು ಬಾ." ಕೇಳದೆಯೇ ಒಯ್ದು ಕೊಟ್ಟೆ. ಅತ್ಯಾ ಫ್ರೀಜರಿನಲ್ಲಿ ಇನ್ನೂ ಕಲ್ಲಿನಂತಿದ್ದ ಐಸ್ ಪ್ಯಾಕುಗಳ ನಡುವೆ ಶೀಶೆಗಳನ್ನಿಟ್ಟು, ಥರ್ಮಾಕೋಲ್ ಡಬ್ಬಿ ಮುಚ್ಚಿ, ಅದರ ಮೇಲೆ ಅಜ್ಜಿಯ ಪರಮ ಪವಿತ್ರ ಉಣ್ಣೆ ಧಾಬಳಿಯನ್ನು ನಾಲ್ಕು ಸುತ್ತು ಸುತ್ತಿದಳು. "ಉಣ್ಣಿ ಬಿಸಿಲು ಒಳಗ ಬಿಡೂದಿಲ್ಲ" ಎಂದಳು. ನಾವಿಬ್ಬರೂ ಆಟೋ ಹತ್ತಿದೆವು. ಎಲ್ಲಿಗೆ? ಕಮಲಾಪುರಕ್ಕೆ! ಅಲ್ಲಿನ ದನದ ದವಾಖಾನೆಯ ಡಾಕ್ಟರು ಅವಳ ಶಾಲೆಯ ಜೊತೆಗಾರ. ಅವರ ಹತ್ತಿರ ಫ್ರೀಜರಿಗಿಂತಲೂ ತಣ್ಣಗಿರುವ ದ್ರವ ಸಾರಜನಕದ ಕ್ಯಾನಿದೆ.

ಊರು ದಾಟಿದ ಮೇಲೆ ಆಟೋದವರು ಕನ್ನಡಿಯಲ್ಲಿ ಇಣುಕಿದರು. "ಡಬ್ಬ್ಯಾಗ ಏನದರೀ ಬಾಯಿ? ಕುಲ್ಫಿ ಏನು?"

"ಮನಷಾರ ಕುತ್ತಿಗೀದು. ಜಲ್ದಿ ನಡೀರಿ."

ಆಟೋ ಗಕ್ಕನೆ ನಿಂತಿತು. "ಯಾ ಅಲ್ಲಾ! ಯಾರದು?"

"ಯಾರದೂ ಅಲ್ಲ, ನಾನೇ ಮಾಡೀನಿ!"

ಇದರಿಂದ ಅವರಿಗೆ ಸಮಾಧಾನವಾಯಿತೆಂದು ಅತ್ಯಾ ಇವತ್ತಿಗೂ ನಂಬಿದ್ದಾಳೆ. ನಾನು ಕೆಳಗಿಳಿದು ಐದು ನಿಮಿಷ ಬಿಡಿಸಿ ಹೇಳಿದ ಮೇಲೆ, "ಅಚ್ಛಾ, ದವಾದ ಕೆಲಸ! ಮೊದಲೇ ಹೇಳಬಾರ್ದೇನ್ರೀ?" ಎಂದು ಅವರು ಓಡಿಸಿದ ವೇಗಕ್ಕೆ ನನ್ನ ಸೊಂಟ ಇನ್ನೂ ನೋಯುತ್ತಿದೆ.

ಕಮಲಾಪುರದಲ್ಲಿ ಡಾಕ್ಟರು ತಲೆ ಕೆರೆದುಕೊಂಡರು. "ಇದರಾಗ ಹೋರಿಗೋಳ ವೀರ್ಯ ಅದ. ನಿನಗ ನಡೀತದೇನು?"

"ನನ್ನ ಪ್ರೋಟೀನು ಯಾರ ತಂಟೀಗೂ ಹೋಗೂದಿಲ್ಲ. ನಿನ್ನ ಹೋರಿಗೋಳಿಗೆ ಹೇಳಿಡು, ಸುಮ್ಮ ಕೂಡಲಿ!"

ನಾನು ಮೆಲ್ಲಗೆ ಕೇಳಿದೆ, "ಅತ್ಯಾ, ಮೈಲಿಗಿ ಆಗೂದಿಲ್ಲೇನು?"

"ಮೈನಸ್ ನೂರಾ ತೊಂಬತ್ತಾರು ಡಿಗ್ರಿ ಅದ. ಆ ಛಳಿಯೊಳಗ ಮೈಲಿಗಿನೂ ಅಲುಗಾಡೂದಿಲ್ಲ!"

ಹೀಗೆ ಎರಡು ದಿನ ನಮ್ಮ ಮಡಿ ಮನೆಯ ಪ್ರೋಟೀನು ದೇವಣಿ ಹೋರಿ, ಜರ್ಸಿ ಹೋರಿಗಳ ನಡುವೆ ವಾಸ ಮಾಡಿತು. ಅತ್ಯಾ ಎರಡು ದಿನವೂ ಅಲ್ಲೇ, ಕ್ಯಾನಿನ ಪಕ್ಕ ಕುರ್ಚಿ ಹಾಕಿಕೊಂಡು ಕಾವಲು. ಆಕಳು ಹೊಡೆದುಕೊಂಡು ಬಂದ ರೈತರೊಬ್ಬರು ಇದನ್ನೆಲ್ಲ ನೋಡಿ ಡಾಕ್ಟರ ಕಿವಿಯಲ್ಲಿ ಹೇಳಿದರಂತೆ: "ಆ ಬಾಯಿ ಇಷ್ಟು ಕಾಯ್ಲಾಕತ್ತಾರಂದ್ರ ಭಾರೀ ತಳಿ ಇರಬೇಕು. ನಮ್ಮ ಆಕಳಿಗೂ ಅದೇ ಹಾಕ್ರಿ ಸಾಹೇಬ್ರ!"

ಫ್ರೀಜರು ರಿಪೇರಿಯಾಯಿತು. ಶೀಶೆಗಳು ವಾಪಸು ಬಂದವು, ಜೊತೆಗೆ ಕಮಲಾಪುರಕ್ಕೆ ಹೆಸರು ತಂದ ಕೆಂಪು ಬಾಳೆಹಣ್ಣು ಒಂದು ಗೊನೆ. ಎಲ್ಲಿಟ್ಟಿದ್ದೆವೆಂದು ಕೇಳಿ ಮುಖ್ಯಸ್ಥರು ಕುರ್ಚಿ ಹಿಡಿದು ಕುಳಿತರು. "ಇದನ್ನ ಪ್ರಬಂಧದಾಗ ಹ್ಯಾಂಗ ಬರೀಬೇಕ್ರೀ?"

"ಇದ್ದದ್ದು ಇದ್ದಂಗ ಬರೀರಿ! ಹೋರಿಗೋಳು ಕೇಸ್ ಹಾಕ್ತಾವೇನು?"

ಪ್ರೋಟೀನು ಒಂದಿಷ್ಟೂ ಕೆಟ್ಟಿರಲಿಲ್ಲ. ನಿವೃತ್ತಿಯ ಹಿಂದಿನ ವಾರ ಪರೀಕ್ಷೆ ನಡೆಯಿತು. ಒಪ್ಪಿಗೆ ಬರೆದುಕೊಟ್ಟ ಹಲವರ ರಕ್ತದ ಜೊತೆ ಅತ್ಯಾನದೂ ಇತ್ತು. ಹೆಸರಿಲ್ಲ, ಬರೀ ನಂಬರು. ಚಾಡಿಕೋರರಿದ್ದರೆ ಹಳದಿ ಬಣ್ಣ ಬರಬೇಕು. ನಂಬರುಗಳನ್ನು ಬಿಚ್ಚಿದಾಗ ತಟ್ಟೆಯಲ್ಲಿ ಅತ್ಯಾನ ರಕ್ತ ಹಾಕಿದ್ದ ಪುಟ್ಟ ಗುಣಿ ಅರಿಶಿನ ಕಲಸಿದ ಹಾಗೆ ಹಳದಿಯಾಗಿತ್ತು. ಗ್ರಂಥಿ ತೆಗೆದು ಇಷ್ಟು ವರ್ಷವಾದರೂ ಆ ದುಷ್ಟರು ರಕ್ತದಲ್ಲಿ ಉಳಿದಿದ್ದರು!

ಅಂದು ಸಂಜೆ ಅತ್ಯಾ ಚಪ್ಪಲಿ ಬಿಟ್ಟವಳೇ ನೇರ ಅಜ್ಜಿಯ ಮಂಚದ ಬಳಿ ಹೋದಳು. ಧಾಬಳಿ ಪ್ರಕರಣವಾದಾಗಿನಿಂದ ಇಬ್ಬರಿಗೂ ಮಾತಿರಲಿಲ್ಲ. ಮೊಬೈಲಿನ ಫೋಟೋವನ್ನು ಅಜ್ಜಿಯ ಮೂಗಿಗೆ ಹಿಡಿದಳು.

"ನೋಡವ್ವಾ. ಇದು ನನ್ನ ರಕ್ತ. ಹಳದಿ ಆಗ್ಯಾದ. ಅದು ಸೊಕ್ಕಾಗಿರಲಿಲ್ಲ, ರೋಗ ಆಗಿತ್ತು. ಈಗೇನು ಹೇಳ್ತಿ, ಹೇಳು!"

ನಾನು ಅಡುಗೆಮನೆ ಬಾಗಿಲಲ್ಲಿ ನಿಂತೆ. ಇವತ್ತು ಮನೆಯ ಹೆಂಚು ಹಾರುವುದು ಖಾತ್ರಿ ಎಂದುಕೊಂಡೆ. ಅಜ್ಜಿ ಕನ್ನಡಕ ಹುಡುಕಿ ಹಾಕಿಕೊಂಡಳು. ಫೋಟೋವನ್ನು ನೋಡಿದಳು. ಆಮೇಲೆ ಮಗಳನ್ನು ನೋಡಿದಳು.

"ಆವಾಗ ನಿನಗ ಭಾಳ ತ್ರಾಸ ಆಗ್ತಿತ್ತೇನವಾ?"

ಇಷ್ಟು ವರ್ಷದಲ್ಲಿ ಯಾರೂ ಅವಳನ್ನು ಇದೊಂದು ಮಾತು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಎಲ್ಲರಿಗೂ ಎಲ್ಲದಕ್ಕೂ ಉತ್ತರ ಕೊಡುವ ನಮ್ಮ ಅತ್ಯಾ ಮೊಬೈಲು ಕೆಳಗಿಟ್ಟಳು. ಮಂಚದ ಅಂಚಿಗೆ ಕುಸಿದು, ತಾಯಿಯ ಮಡಿಲಿಗೆ ತಲೆ ಇಟ್ಟುಬಿಟ್ಟಳು.

"ಹೂಂ ಅವ್ವಾ" ಎಂದಳು ಬಿಕ್ಕುತ್ತ. "ಎದಿ ಭಾಳ ಹೊಡ್ಕೋತಿತ್ತು. ಭಾಳ ಅಂಜಿಕಿ ಬರ್ತಿತ್ತು."